ಹದಿನೇಳನೇ ದಿನ, ಎರಡನೇ ಪೀರಿಯಡ್

ಮಾರ್ಸೇ ಪಟ್ಟಣದಲ್ಲಿ ಕಸ ಎತ್ತುವವರು ಕೈಕಟ್ಟಿ ಕೂತು
ಇವತ್ತಿಗೆ ಹದಿನೇಳು ದಿನ.
ಕಿಟಕಿ ತೆಗೆದರೆ ನಾತ, ಮುಚ್ಚಿದರೆ ಉಸಿರುಕಟ್ಟು;
ಮುಚ್ಚಿದೆವು.
ಉತ್ತರದಿಂದ ಬೀಸುವ ಮಿಸ್ತ್ರಾಲ್ ಗಾಳಿಗೆ ಮಾತ್ರ
ಬಡವರ ಓಣಿ, ಬಲ್ಲಿದರ ಬೀದಿ ಎಂಬ ಭೇದವಿಲ್ಲ ಅಂತ
ಪಾಠ ಶುರುಮಾಡೋಣವೆಂದುಕೊಂಡಿದ್ದೆ.
ಸುಳ್ಳು. ಗಾಳಿಗೂ ಗೊತ್ತು
ಯಾವ ಬೀದಿಗೆ ಖಾಸಗಿ ಲಾರಿ ಬರುತ್ತದೆಂದು.

ಪೇಪರು ತಂದಿದ್ದೆ, ಇಪ್ಪತ್ತೆಂಟು ಪ್ರತಿ.
ಮುಖಪುಟದಲ್ಲಿ ದಪ್ಪಕ್ಷರ: 'ಒತ್ತೆಯಾದ ನಗರ'.
ಇದರಲ್ಲಿ ಕರ್ತೃ ಯಾರು, ಹುಡುಕಿ ಅಂದೆ.
ನಗರ, ಅಂದಳು ಆರಾಕ್ಸಿ. ಅದು ಕರ್ಮ, ಅಂದ ಬಾಸ್ತಿಯಾಂ.
ಹಾಗಾದರೆ ಒತ್ತೆಯಿಟ್ಟುಕೊಂಡವರು? ಹೆಸರಿಲ್ಲ.
ಹೆಸರಿಲ್ಲದವರನ್ನು ಓದುವುದೇ ನಮ್ಮ ಶಾಸ್ತ್ರ, ಅಂದೆ;
ಮಾತು ಚೆನ್ನಾಗಿ ಬಂತೆಂದು ಒಳಗೊಳಗೇ ಬೀಗಿದೆ.

ಹೋದ ವಾರದ ಮನೆಗೆಲಸ:
ಅವರವರ ಮನೆಯ ಒಂದು ದಿನದ ಕಸ ತೂಗಿ ತರುವುದು,
ಕಸವನ್ನಲ್ಲ, ಅಂಕಿಯನ್ನು.
ಒಬ್ಬ ಕಸವನ್ನೇ ತಂದಿದ್ದ. ಇದ್ದೇ ಇರುತ್ತಾನೆ ಅಂಥವನೊಬ್ಬ.
ಬೋರ್ಡಿನ ಮೇಲೆ ಬರೆಯುತ್ತ ಹೋದೆ.
ಬಾಸ್ತಿಯಾಂ, ಮೂರು ಜನ, ಐದೂವರೆ ಕಿಲೊ:
ಸಿಂಪಿಯ ಚಿಪ್ಪು, ಬಾಡದ ಹೂಗುಚ್ಛ, ಮುಚ್ಚಳ ತೆಗೆಯದ ಮೊಸರು ಎರಡು ಡಬ್ಬಿ.
ಆರಾಕ್ಸಿ, ಅಜ್ಜಿ ಸೇರಿ ನಾಲ್ವರು, ಎರಡು ಕಿಲೊ ಚಿಲ್ಲರೆ.
ಎಶಾತಾ, ಏಳು ಜನ, ಒಂದೂಕಾಲು ಕಿಲೊ,
ಬಹುಪಾಲು ಮರಗೆಣಸಿನ ಸಿಪ್ಪೆ.
ಏಳು ಜನಕ್ಕೆ ಇಷ್ಟೇನಾ ಅಂತ ಹಿಂದಿನ ಬೆಂಚು ನಕ್ಕಿತು.
ಕೈಯಲ್ಲಿ ಸೀಮೆಸುಣ್ಣ, ನಾಲಗೆಯ ತುದಿಯಲ್ಲಿ
'ಶ್ರೇಣೀಕರಣ' ಎಂಬ ಪದ. ಎಂಥ ಗಳಿಗೆ!
ಇನ್ನೇನು ಬರೆಯಬೇಕು,

"ಈ ಫೋಟೋದಲ್ಲಿರುವ ಬೆನ್ನು ನಮ್ಮಪ್ಪನದು."

ಸೆಪ್ಟೆಂಬರಿನಿಂದ ಎಶಾತಾ ಆಡಿದ ಮೊದಲ ಮಾತು.
ಇಪ್ಪತ್ತೆಂಟು ಪ್ರತಿಯಲ್ಲೂ ಅದೇ ಬೆನ್ನು,
ಬೆಂಕಿ ಹಾಕಿದ ಡ್ರಮ್ಮಿನೆದುರು, ಹಳದಿ ಕೋಟು,
ಕಾಲರಿನ ಹತ್ತಿರ ಬೇರೆ ಬಣ್ಣದ ದಾರದ ಹೊಲಿಗೆ.
"ಹೊಲಿದವಳು ನಾನು.
ದಯವಿಟ್ಟು ಅವರನ್ನು ಉದಾಹರಣೆ ಮಾಡಬೇಡಿ."

ಹತ್ತೊಂಬತ್ತು ವರ್ಷ ಕಲಿಸಿದ್ದೇನೆ.
ಪ್ರಚಲಿತ ವಿದ್ಯಮಾನವೆಂದು ನಾವು ಕತ್ತರಿಸಿ ಅಂಟಿಸುವುದು
ಯಾರದೋ ಮನೆಯಲ್ಲಿ ರಾತ್ರಿಯೂಟದ ಹೊತ್ತು
ತಟ್ಟೆಯಿಂದ ತಲೆಯೆತ್ತದೆ ಕೂತಿರುತ್ತದೆ.
ಗೊತ್ತಿರಲಿಲ್ಲವೇ? ಗೊತ್ತಿತ್ತು,
ಪಠ್ಯದ ಎಂಟನೇ ಅಧ್ಯಾಯಕ್ಕೆ ಬೇಕಾದಷ್ಟು.

ಆಗ ಬಾಸ್ತಿಯಾಂ, ಕುಹಕಕ್ಕಲ್ಲ, ಬರೀ ಕುತೂಹಲಕ್ಕೆ:
"ಮೇಡಂ, ನಿಮ್ಮ ಚೀಲ ಎಷ್ಟು ತೂಗಿತು?"

ಮುಷ್ಕರದ ಎಂಟನೇ ರಾತ್ರಿ
ಸ್ಕಾರ್ಫಿನಲ್ಲಿ ಮುಖ ಸುತ್ತಿಕೊಂಡು, ಎರಡು ಚೀಲ ಹೊತ್ತು
ಮೂರು ಬೀದಿ ದಾಟಿದ್ದೆ, ರೈಲುಹಳಿಯಾಚೆ.
ನಮ್ಮ ಬಾಗಿಲು ಚೊಕ್ಕಟವಾಗಿರಲೆಂದು.
ಅಲ್ಲಿ ಗುಡ್ಡವೇ ಎದ್ದಿತ್ತು, ಅದರಲ್ಲಿ ನನ್ನದು ಕಂಡೀತೇ?
ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ.
ಒಂದು ಕಡಲಹಕ್ಕಿ ಮಾತ್ರ ನೋಡಿತು,
ನಾನು ಬೆನ್ನು ತಿರುಗಿಸುವ ಮೊದಲೇ ಚೀಲ ಹರಿಯಿತು.

ಇದನ್ನೆಲ್ಲ ಹೇಳಿದೆ.
ತೂಕ ಗೊತ್ತಿಲ್ಲ, ದೂರ ಗೊತ್ತು ಅಂದೆ.
ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತು.
ಆರಾಕ್ಸಿ ಎದ್ದುಬಂದು ನನ್ನ ಕೈಯಿಂದಲೇ ಸೀಮೆಸುಣ್ಣ ತೆಗೆದುಕೊಂಡು
ಪಟ್ಟಿಯ ಕೊನೆಗೆ ಬರೆದಳು:
ಮೇಡಂ, ಒಬ್ಬರು, ನಾನೂರು ಮೀಟರ್.

"ಯಾವ ಬೀದಿ?" ಕೇಳಿದಳು ಎಶಾತಾ.
ಹೇಳಿದೆ.
ತಲೆಯಾಡಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು,
ನನ್ನ ತರಗತಿಯಲ್ಲಿ ಅವಳು ಬರೆದುಕೊಂಡ ಮೊದಲ ಸಾಲು.

ಗಂಟೆ ಹೊಡೆಯಿತು. ಆ ದೊಡ್ಡ ಪದ ಬರೆಯದೇ ಉಳಿಯಿತು.
ಹೋಗುವಾಗ ಯಾರೂ ಪೇಪರನ್ನು ಬುಟ್ಟಿಗೆ ಹಾಕಲಿಲ್ಲ.
ಬುಟ್ಟಿ ತುಂಬಿತ್ತು ಅನ್ನಿ.